ವಾಸಿಯಾಯಿತೆಂದು ಅತ್ತೆ ಸಾಕ್ಷಿ ಹೇಳಿದ ಮೇಲೆ

ಅತ್ತೆ ಸಭೆಯ ಮುಂದೆ ನಿಂತು ನನಗೆ ವಾಸಿಯಾಗಿದೆ ಎಂದು ಸಾಕ್ಷಿ ಹೇಳಿದ ಭಾನುವಾರ, ನನಗೆ ವಾಸಿಯಾಗಿರಲಿಲ್ಲ. ಜಯನಗರದ ನಮ್ಮ ಚರ್ಚಿನಲ್ಲಿ ಹೆಂಗಸರ ಕಡೆಯ ಬೆಂಚಿನ ತುದಿಯಲ್ಲಿ ಕುಳಿತು, ಆರಾಧನೆ ಬೇಗ ಮುಗಿದರೆ ಮನೆಗೆ ಹೋಗಿ ಗೋಡೆಗೆ ಮುಖಮಾಡಿ ಮಲಗಬಹುದಲ್ಲ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅತ್ತೆ ಎದ್ದು ಮೈಕಿನ ಕಡೆ ನಡೆದರು.

"ನನ್ ಸೊಸೆ ಸುಗುಣನ್ನ ನೀವೆಲ್ಲ ನೋಡಿದೀರಿ. ಹೋದ್ವರ್ಷ ಹೆಂಗಿದ್ಲು ಅಂತಾನೂ ನೋಡಿದೀರಿ. ಇವತ್ತು ನಿಮ್ ಜೊತೆ ಕೂತಿದಾಳೆ. ಕರ್ತನು ಅವಳನ್ನ ಪೂರ್ತಿ ಗುಣ ಮಾಡಿದಾನೆ. ಸ್ತೋತ್ರ."

ಸಭೆಯೆಲ್ಲ "ಸ್ತೋತ್ರ" ಎಂದಿತು. ತಲೆಗಳು ನನ್ನ ಕಡೆ ತಿರುಗಿದವು. ಮುಂದಿನ ಬೆಂಚಿನವರು ಕೈ ಚಾಚಿ ನನ್ನ ಕೈ ಅದುಮಿದರು. ನಾನು ನಕ್ಕೆ. ಆ ನಗುವನ್ನು ಕೊನೆಯ ಹಾಡಿನವರೆಗೂ ಮುಖದ ಮೇಲೆ ಹಿಡಿದಿಟ್ಟುಕೊಳ್ಳುವಷ್ಟರಲ್ಲಿ ನನಗೆ ಬೆವರು ಕಿತ್ತುಬಂದಿತ್ತು.

ಬ್ಯಾಗಿನೊಳಗೆ ಮಾತ್ರೆಯ ಸ್ಟ್ರಿಪ್ ಬಚ್ಚಿಟ್ಟುಕೊಂಡು ಆರಾಧನೆಗೆ ಬರುವವಳು ನಾನೊಬ್ಬಳೇ ಎಂದು ಆಗ ತಿಳಿದಿದ್ದೆ. ಇನ್ನೂ ಇದ್ದಾರೆ ಎಂದು ಈಗ ಗೊತ್ತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ವಸಂತಪುರದಲ್ಲಿ, ಮೊದಲ ಮಹಡಿಯ ಬಾಡಿಗೆ ಮನೆ. ನನ್ನ ಗಂಡ ಜಯಕರ ಲಿಫ್ಟ್ ಕಂಪನಿಯೊಂದರಲ್ಲಿ ಸರ್ವಿಸ್ ಎಂಜಿನಿಯರ್. ಎಲ್ಲೋ ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡರೆ ಊಟದ ತಟ್ಟೆ ಬಿಟ್ಟು ಓಡಬೇಕು. ನಾನು ಪುಟ್ಟೇನಹಳ್ಳಿಯ ಟ್ಯೂಷನ್ ಸೆಂಟರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಮಗಳು ಕೃಪಾ ನಾಲ್ಕನೇ ತರಗತಿ. ಅತ್ತೆ ದೀನಮ್ಮ ಮಂಡ್ಯದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದು ನಿವೃತ್ತರಾದವರು. ಈಗಲೂ ಅವರು "ಏಳಿ" ಎಂದರೆ ಮನೆಯಲ್ಲಿ ಯಾರೂ ಮಲಗಿರುವುದಿಲ್ಲ.

ಕಾಯಿಲೆ ಶುರುವಾದದ್ದು ಈಸ್ಟರಿಗೆ ಮುಂಚಿನ ಲೆಂಟ್ ದಿನಗಳಲ್ಲಿ. ಆ ವರ್ಷ ಉಪವಾಸ ಹಿಡಿದಿದ್ದೆ. ಕೆಲವು ದಿನಗಳಲ್ಲೇ ಹಸಿವು ಹೋಯಿತು, ನಿದ್ದೆಯೂ ಹೋಯಿತು. ಸುಸ್ತು ಮಾತ್ರ ಇರಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಮೊಣಕಾಲೂರಿದರೆ ಪ್ರಾರ್ಥನೆ ತಾನಾಗಿ ಹರಿಯುತ್ತಿತ್ತು. ಕಿಟಕಿಯಾಚೆ ಹೊಂಗೆಯ ಎಲೆ ಅಲುಗಿದರೆ ಅದು ನನಗೇ ಹೇಳಿದ ಮಾತು ಅನ್ನಿಸುತ್ತಿತ್ತು. ಒಂದು ದಿನ ತರಗತಿಯಲ್ಲಿ ಸಂಧಿ ಪಾಠ ಮಾಡುತ್ತಿದ್ದೆ. ಎರಡು ಸ್ವರಗಳು ಕೂಡಿ ಮೂರನೆಯದೊಂದು ಹುಟ್ಟುವುದನ್ನು ಬೋರ್ಡಿನ ಮೇಲೆ ಬರೆದವಳೇ, ಅದರಲ್ಲಿ ದೇವರ ಗುಟ್ಟೆಲ್ಲ ಇದೆ ಎನ್ನಿಸಿ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಮಕ್ಕಳು ಮೊದಲು ಕಿಸಕ್ಕೆಂದು ನಕ್ಕರು. ಆಮೇಲೆ ಮುಂದಿನ ಬೆಂಚಿನ ಹುಡುಗಿ ತನ್ನ ನೀರಿನ ಬಾಟಲಿ ಚಾಚಿದಳು.

ಚರ್ಚಿನಲ್ಲಿ ಮಾತ್ರ ನನ್ನನ್ನು ಎಲ್ಲರೂ ಮೆಚ್ಚಿದರು. ಸ್ತ್ರೀಯರ ಕೂಟದಲ್ಲಿ ನಾನು ಪ್ರಾರ್ಥನೆ ಮಾಡಿದರೆ ಅಳದವರಿಲ್ಲ. "ಸುಗುಣಂಗೆ ಪವಿತ್ರಾತ್ಮನ ಎಂಥ ಅಭಿಷೇಕ ಆಗಿದೆ ನೋಡ್ರಿ" ಎಂದರು. ನಾನು ನಂಬಿದೆ. ನಂಬದಿರಲು ಏನಿತ್ತು? ಹುಟ್ಟಿದಾಗಿನಿಂದ ದೇವರು ಹತ್ತಿರ ಇದ್ದಾನೆ ಎಂದು ಕೇಳಿಕೊಂಡು ಬಂದವಳು. ಈಗ ನಿಜವಾಗಿ ಹತ್ತಿರ ಬಂದಿದ್ದ, ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡೇ ನಡೆಯುತ್ತಿದ್ದ.

ಅದು ಮುಗಿದದ್ದು ಬನಶಂಕರಿ ಬಸ್ ನಿಲ್ದಾಣದಲ್ಲಿ. ಅಲ್ಲಿ ಕಾಯುತ್ತಿದ್ದವರೆಲ್ಲರ ದುಃಖವೂ ನನಗೆ ಕಾಣಿಸತೊಡಗಿತು. ಒಬ್ಬೊಬ್ಬರ ಹತ್ತಿರ ಹೋಗಿ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದೆ. "ಏಯ್, ಏನ್ ಮೇಡಂ ಇದು!" ಎಂದು ಒಬ್ಬರು ಕೈ ಕೊಡವಿದರು. ಮತ್ತೊಬ್ಬರು ಮಗುವನ್ನು ಎಳೆದುಕೊಂಡು ದೂರ ಸರಿದರು. ಜನ ಸೇರಿ ಗಲಾಟೆ ಆಗುತ್ತಿತ್ತೋ ಏನೋ, ಒಬ್ಬ ಮಹಿಳಾ ಕಂಡಕ್ಟರ್ ನನ್ನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದರು. "ಅಕ್ಕಾ, ಫೋನ್ ಕೊಡಿ ಇಲ್ಲಿ. ಮನೇಲಿ ಯಾರಿದಾರೆ?" ಎಂದು ಕೇಳಿ ನನ್ನ ಗಂಡನಿಗೆ ಫೋನು ಮಾಡಿದರು. ಜಯಕರ ಬರುವವರೆಗೂ ನನ್ನ ಪಕ್ಕದಿಂದ ಏಳಲಿಲ್ಲ. ಆಕೆಯ ಮುಖ ನನಗೆ ನೆನಪಿಲ್ಲ, ಬೆವರಿದ್ದ ಅಂಗೈ ನೆನಪಿದೆ.

ದೊಡ್ಡಾಸ್ಪತ್ರೆಯ ಮನೋರೋಗ ವಿಭಾಗದ ಹೊರಗೆ ಉದ್ದದ ಹಜಾರ. ಅಲ್ಲಿ ಯಾರೂ ಯಾರ ಮುಖವನ್ನೂ ನೇರವಾಗಿ ನೋಡುವುದಿಲ್ಲ. ಜಯಕರ ಟೋಕನ್ ಚೀಟಿಯನ್ನು ಮಡಿಸಿ ಬಿಚ್ಚಿ ಹತ್ತಿಯಂತೆ ಮೆತ್ತಗೆ ಮಾಡಿಬಿಟ್ಟಿದ್ದರು. ನನಗೆ ಎಲ್ಲರಿಗೂ ಒಂದು ಒಳ್ಳೆಯ ಸುದ್ದಿ ಹೇಳಬೇಕಾಗಿತ್ತು. ಏಳಲು ಹೋದಾಗಲೆಲ್ಲ ಅವರು ನನ್ನ ಸೆರಗು ಹಿಡಿದು ಕೂರಿಸುತ್ತಿದ್ದರು.

"ಸ್ಟ್ರೆಸ್ ಇರ್ಬೇಕು ಡಾಕ್ಟ್ರೇ, ಅಲ್ವಾ?" ಎಂದು ಒಳಗೆ ಹೋದ ತಕ್ಷಣ ಜಯಕರ ಕೇಳಿದರು. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ತುಂಬ ಹೊತ್ತು ಪ್ರಶ್ನೆ ಕೇಳಿದರು. ಹಿಂದೆ, ಕಾಲೇಜಿನಲ್ಲಿದ್ದಾಗ, ಕೃಪಾ ಹುಟ್ಟಿದ ಮೇಲೆ, ಕಾರಣವಿಲ್ಲದೆ ತಿಂಗಳುಗಟ್ಟಲೆ ಮಂಕಾಗಿದ್ದದ್ದನ್ನೂ ಹೊರಗೆಳೆದರು. ಆಮೇಲೆ ಬೈಪೋಲಾರ್ ಎಂಬ ಹೆಸರು ಹೇಳಿದರು. ಮನಸ್ಸು ವಿಪರೀತ ಏರುತ್ತದೆ, ವಿಪರೀತ ಇಳಿಯುತ್ತದೆ, ಮಾತ್ರೆಯಿಂದ ಹತೋಟಿಯಲ್ಲಿ ಇಡಬಹುದು ಎಂದರು.

ನನಗೆ ತಿಳಿಯಬೇಕಾಗಿದ್ದದ್ದು ಒಂದೇ. "ಹಾಗಾದ್ರೆ ದೇವರು ನನ್ ಹತ್ರ ಮಾತಾಡಿದ್ದು ಸುಳ್ಳಾ?"

ಅವರು ಪೆನ್ನು ಕೆಳಗಿಟ್ಟರು. "ಅದು ನಂಗೆ ಗೊತ್ತಿಲ್ಲ ಸುಗುಣ. ನಾನು ಅದರ ಡಾಕ್ಟ್ರಲ್ಲ. ನಿಮ್ಗೆ ನಿದ್ದೆ ಇಲ್ಲ, ಊಟ ಇಲ್ಲ, ಮೈ ಹಾಳಾಗ್ತಿದೆ. ಅದಷ್ಟೇ ನಂಗೆ ಗೊತ್ತಿರೋದು."

ಆ ಉತ್ತರಕ್ಕೆ ಆಗ ಸಿಟ್ಟು ಬಂದಿತ್ತು. ಆಕೆ ಸುಳ್ಳು ಎಂದಿದ್ದರೆ ಜಗಳವಾಡಬಹುದಿತ್ತು.

ಮಾತ್ರೆಗಳು ಕೆಲಸ ಮಾಡಿದವು. ನಿದ್ದೆ ಬಂತು, ಬಾಯಿ ಒಣಗಿತು, ಮೈ ತೂಕ ಬಂತು, ಕೈ ಸಣ್ಣಗೆ ನಡುಗತೊಡಗಿತು. ಹೊಂಗೆಯ ಎಲೆ ಬರೀ ಎಲೆಯಾಯಿತು. ಪ್ರಾರ್ಥನೆಗೆ ಕುಳಿತರೆ ಫ್ರಿಜ್ಜಿನ ಸದ್ದು ಕೇಳುತ್ತಿತ್ತು. ಇಲ್ಲಿಯವರೆಗೆ ಯಾರ ಜೊತೆ ಮಾತನಾಡುತ್ತಿದ್ದೆ? ನನ್ನ ಬದುಕಿನ ಅತಿ ದೊಡ್ಡ ಸಂತೋಷ ಒಂದು ಕಾಯಿಲೆಯ ಲಕ್ಷಣವಾಗಿದ್ದರೆ, ಚಿಕ್ಕಂದಿನಿಂದ ಚರ್ಚಿನಲ್ಲಿ ಕಣ್ಣು ತುಂಬಿ ಬಂದದ್ದೆಲ್ಲ ಏನು? ಇದನ್ನು ಯಾರಿಗೆ ಕೇಳಬೇಕೋ ತಿಳಿಯಲಿಲ್ಲ. ಡಾಕ್ಟರಿಗೆ ಕೇಳಿದರೆ ಮಾತ್ರೆ ಹೆಚ್ಚು ಮಾಡುತ್ತಾರೆಂಬ ಭಯ, ಚರ್ಚಿನಲ್ಲಿ ಕೇಳಿದರೆ ಪ್ರಾರ್ಥನೆ ಹೆಚ್ಚು ಮಾಡುತ್ತಾರೆಂಬ ಭಯ.

ಅತ್ತೆಯಂತೂ ನನಗಾಗಿ ವಾರಕ್ಕೊಂದು ದಿನ ಉಪವಾಸವಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನನ್ನನ್ನು ನೋಡುತ್ತಿದ್ದರು. ನಾನು ಸರಿಯಾಗಿ ಊಟ ಮಾಡಿದರೆ ಅವರಿಗೆ ಸಂತೋಷ, ಕೃಪಾಳ ಜಡೆ ಹೆಣೆದರೆ ಸಂತೋಷ. ಕೆಲವು ತಿಂಗಳು ನಾನು ಏರಲೂ ಇಲ್ಲ, ಇಳಿಯಲೂ ಇಲ್ಲ. ಮತ್ತೆ ಪಾಠ ಮಾಡಲು ಹೋದೆ. ಅದನ್ನೇ ಅವರು ವಾಸಿ ಎಂದುಕೊಂಡರು. ಸಾಕ್ಷಿ ಹೇಳುವ ಹೊತ್ತಿಗೆ ನಾನು ಒಳಗೊಳಗೇ ಜಾರತೊಡಗಿದ್ದೆ. ಅದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಆ ಭಾನುವಾರ ಮನೆಗೆ ಬರುವ ದಾರಿಯಲ್ಲಿ ಜಯಕರ ಮೆಲ್ಲಗೆ, "ಅಮ್ಮಾ, ಮಾತ್ರೆ ಇನ್ನೂ ನಡೀತಿದೆ. ಹಾಗೆ ಹೇಳ್ಬಾರ್ದಿತ್ತು" ಎಂದರು.

"ಮಾತ್ರೆ ತಗೊಳ್ಳಿ, ಬೇಡ ಅಂದ್ನಾ? ಗುಣ ಮಾಡೋನು ಅವನೇ ತಾನೆ?" ಎಂದರು ಅತ್ತೆ. ಧ್ವನಿಯಲ್ಲಿ ಎಷ್ಟು ಖುಷಿ ಇತ್ತೆಂದರೆ ಜಯಕರ ಮಾತನ್ನು ಅಲ್ಲಿಗೇ ಬಿಟ್ಟರು.

ಆಮೇಲೆ ಜನ ನನ್ನ ಹತ್ತಿರ ಬರತೊಡಗಿದರು. ಗಂಡನಿಗೆ ಲಕ್ವ ಹೊಡೆದು ಮಾತು ನಿಂತುಹೋಗಿದ್ದ ಹೆಂಗಸೊಬ್ಬರು ಮನೆಗೇ ಬಂದರು. "ನಿಮ್ಮನ್ನ ಮುಟ್ಟಿದ ದೇವರು ನಮ್ಮನೇನೂ ನೋಡ್ಲಿ. ನೀವೇ ಪ್ರಾರ್ಥನೆ ಮಾಡ್ಬೇಕು ಅಕ್ಕಾ" ಎಂದು ನನ್ನ ಮುಂದೆ ತಲೆಬಾಗಿ ಕುಳಿತರು. ಅವರ ತಲೆಯ ಮೇಲೆ ಕೈಯಿಟ್ಟೆ. ಕೈ ನಡುಗಿತು. ಅದನ್ನು ಅವರು ಏನೆಂದುಕೊಂಡರೋ, ಜೋರಾಗಿ ಅತ್ತರು. ನನ್ನ ಬಾಯಿಂದ ಮಾತುಗಳು ಬಂದವು, ಪಠ್ಯಪುಸ್ತಕ ಗಟ್ಟಿಯಾಗಿ ಓದಿದ ಹಾಗೆ. ಅವರು ಹೋದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಕುಳಿತುಬಿಟ್ಟೆ.

ಮಾತ್ರೆ ಮುಗಿದ ದಿನ ನಮ್ಮ ರಸ್ತೆ ತುದಿಯ ಮೆಡಿಕಲ್ ಶಾಪಿಗೆ ಹೋದೆ. ಅಂಗಡಿಯವರು ನಮ್ಮ ಚರ್ಚಿನವರೇ. ಚೀಟಿ ನೋಡಿ, "ಇದಿನ್ನೂ ಬೇಕಾ? ಮೊನ್ನೆ ಆಂಟಿ ಸಾಕ್ಷಿ ಹೇಳಿದ್ರಲ್ಲ" ಎಂದರು. ಕೆಟ್ಟ ಮನಸ್ಸಿನಿಂದಲ್ಲ, ಆಶ್ಚರ್ಯದಿಂದ. "ಬೇಡ ಬಿಡಿ, ಸುಮ್ನೆ ಕೇಳ್ದೆ" ಎಂದು ವಾಪಸು ಬಂದೆ. ಬೇರೆ ಅಂಗಡಿಗೆ ನಾಳೆ ಹೋಗೋಣ ಎಂದುಕೊಂಡೆ. ಆ ನಾಳೆ ಬರಲಿಲ್ಲ. ಆ ಮಾತ್ರೆಗಾಗಿ ಆಗಾಗ ಮಾಡಿಸಬೇಕಿದ್ದ ರಕ್ತಪರೀಕ್ಷೆಗೂ ಹೋಗಲಿಲ್ಲ. "ಮಾತ್ರೆ ತಗೊಂಡ್ಯಾ?" ಎಂದು ಜಯಕರ ಕೇಳಿದರೆ "ಹ್ಞೂಂ" ಎನ್ನುತ್ತಿದ್ದೆ. ಎದ್ದು ಇನ್ನೊಂದು ರಸ್ತೆಯ ಅಂಗಡಿಗೆ ಹೋಗುವ ಶಕ್ತಿಯೂ ಇಲ್ಲದವಳಿಗೆ "ಹ್ಞೂಂ" ಎನ್ನುವುದು ಸುಲಭ.

ಇಳಿಯುವುದು ಹೇಗಿರುತ್ತದೆಂದು ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ದುಃಖವಾದರೆ ಅಳಬಹುದು. ಇದರಲ್ಲಿ ಅಳುವೂ ಇರುವುದಿಲ್ಲ. ಹಲ್ಲುಜ್ಜುವುದು ಬೆಟ್ಟ ಹತ್ತಿದ ಹಾಗೆ. ಕೃಪಾ ಶಾಲೆಯ ಕಥೆ ಹೇಳುತ್ತಿದ್ದರೆ ಅವಳ ತುಟಿ ಅಲುಗುವುದು ಕಾಣುತ್ತದೆ, ಮಾತು ತಲುಪುವುದಿಲ್ಲ. ಎಲ್ಲದರ ಮೇಲೆ ಒಂದೇ ಯೋಚನೆ ಕುಳಿತಿತ್ತು: ನಾನು ಇಲ್ಲದಿದ್ದರೆ ಇವರಿಗೆಲ್ಲ ಒಳ್ಳೆಯದು. ವಾಸಿಯಾಗಿದ್ದಾಳೆ ಎಂದವರ ಮಾತೂ ಉಳಿಯುತ್ತದೆ. ಅದು ಹುಚ್ಚು ಲೆಕ್ಕ ಎಂದು ಈಗ ಕಾಣುತ್ತದೆ. ಆಗ ಅದಕ್ಕಿಂತ ಸರಿಯಾದದ್ದು ಯಾವುದೂ ಇರಲಿಲ್ಲ.

ದೇವರನ್ನು ಕರೆದೆ. ಕರೆಯಲಿಲ್ಲ ಎಂದು ಯಾರೂ ತಿಳಿಯಬಾರದು. "ಕರ್ತನೇ, ಒಂದು ಸಲ. ಆಗಿನ ಹಾಗೆ ಬೇಡ, ಸ್ವಲ್ಪ ಸಾಕು" ಎಂದು ಬೇಡಿಕೊಂಡೆ. ಏನೂ ಬರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಪಾಠ ಮುಗಿಸಿದವಳು ಬಸ್ ಸ್ಟಾಪಿಗೆ ಹೋಗದೆ ಪುಟ್ಟೇನಹಳ್ಳಿ ಕೆರೆಯ ಕಡೆ ನಡೆದೆ. ದಂಡೆಯ ಬೆಂಚಿನ ಮೇಲೆ ಕುಳಿತೆ. ಬಿಸಿಲಿಗೆ ವಾಕಿಂಗಿನವರು ಯಾರೂ ಇರಲಿಲ್ಲ. ಅಲ್ಲಿಂದ ಮನೆಗೆ ಹೋಗುವ ಯೋಚನೆ ನನಗಿರಲಿಲ್ಲ. ಇದಕ್ಕಿಂತ ಹೆಚ್ಚು ಆ ಹೊತ್ತಿನ ಬಗ್ಗೆ ಬರೆಯುವುದು ಬೇಡ.

ಫೋನು ಹೊಡೆದುಕೊಂಡಿತು. ಅತ್ತೆ. ಯಾಕೆ ಎತ್ತಿದೆನೋ ಗೊತ್ತಿಲ್ಲ, ಬಹುಶಃ ಅವರ ಕರೆ ಎತ್ತದೇ ಇರುವ ಅಭ್ಯಾಸವಿರಲಿಲ್ಲ.

"ಸುಗುಣಾ, ಹುಣಸೆಹಣ್ಣು ಎಲ್ಲಿಟ್ಟಿದೀಯೇ? ಸಾರಿಗೆ ಇಟ್ಟಿದೀನಿ, ಡಬ್ಬ ಖಾಲಿ."

"ಮೇಲಿನ ಶೆಲ್ಫಲ್ಲಿದೆ" ಎಂದೆ. ಆಮೇಲೆ ಬಾಯಿಂದ ಇನ್ನೊಂದು ಮಾತು ಹೊರಟಿತು. "ಅತ್ತೆ, ನಂಗೆ ಬದುಕೋಕೆ ಆಗ್ತಿಲ್ಲ."

ಆ ಕಡೆ ಒಗ್ಗರಣೆಯ ಸದ್ದು ಮಾತ್ರ. ನಂತರ ವಾರ್ಡನ್ನಿನ ಧ್ವನಿ. "ಎಲ್ಲಿದೀಯ?"

"ಕೆರೆ ಹತ್ರ. ಪುಟ್ಟೇನಹಳ್ಳಿ."

"ಬೆಂಚಿದ್ಯಾ? ಅದ್ರ ಮೇಲೆ ಕೂತಿರು. ಏಳ್ಬೇಡ. ಫೋನ್ ಇಡ್ಬೇಡ. ನಾನು ಬರ್ತಿದೀನಿ."

ಅವರು ಪ್ರಾರ್ಥನೆ ಮಾಡುತ್ತಾರೆಂದು ಕಾದೆ. ಮಾಡಲಿಲ್ಲ. ಮಂಡಿನೋವಿನ ಹೆಂಗಸು ಮೆಟ್ಟಿಲಿಳಿಯುವಾಗ ಒಂದೊಂದು ಮೆಟ್ಟಿಲಿಗೂ ಉಸ್ಸೆನ್ನುವುದು ಕೇಳಿಸಿತು. ಗೇಟಿನ ಸದ್ದು. "ಆಟೋ! ಏ ಆಟೋ! ಪುಟ್ಟೇನಹಳ್ಳಿ ಕೆರೆ. ಅದೆಲ್ಲ ಆಮೇಲ್ ಮಾತಾಡಣ, ಮೊದ್ಲು ನಡಿಯಪ್ಪ." ಆಮೇಲೆ ದಾರಿಯುದ್ದಕ್ಕೂ ವರದಿ. "ಸುಗುಣಾ, ಇದೀಯಾ? ಕೋಣನಕುಂಟೆ ಕ್ರಾಸಿಗ್ ಬಂದೆ. ಸಿಗ್ನಲ್ ಬಿದ್ದಿದೆ. ಇದೀಯಾ? ಹ್ಞೂಂ ಅನ್ನು."

"ಹ್ಞೂಂ."

"ಈಗ ಬಿಟ್ಟ. ಯಾವ್ದೋ ಸ್ಕೂಲ್ ಬಸ್ಸು ಅಡ್ಡ ಇದೆ. ಹಾರ್ನ್ ಹೊಡಿಯಪ್ಪಾ! ಇದೀಯಾ?"

"ಹ್ಞೂಂ."

ಹೀಗೆ ಅವರು ಕೇಳುತ್ತ, ನಾನು ಹ್ಞೂಂಗುಡುತ್ತ ಕುಳಿತಿದ್ದೆ. ಬದುಕಬೇಕೆಂಬ ಆಸೆ ಹುಟ್ಟಿತು ಎಂದರೆ ಸುಳ್ಳಾಗುತ್ತದೆ. ಮುಂದಿನ "ಇದೀಯಾ"ಗೆ ಉತ್ತರ ಕೊಡಬೇಕಿತ್ತು, ಅಷ್ಟೇ.

ಅವರು ಬಂದರು. ಒಂದು ಕಾಲಲ್ಲಿ ಅವರ ಚಪ್ಪಲಿ, ಇನ್ನೊಂದರಲ್ಲಿ ಕೃಪಾಳದ್ದು, ಅರ್ಧ ಪಾದ ಹೊರಗೇ ಇತ್ತು. ಪಕ್ಕದಲ್ಲಿ ಕುಳಿತು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಏದುಸಿರು ಇಳಿದ ಮೇಲೆ ನೀರಿನ ಕಡೆ ನೋಡುತ್ತ ಹೇಳಿದರು.

"ನಂಗೊಬ್ಳು ಅಕ್ಕ ಇದ್ಲು. ಸಲೋಮಿ ಅಂತ. ನಿಮಗ್ಯಾರಿಗೂ ಹೇಳಿಲ್ಲ. ನಿನ್ನ ಥರಾನೇ. ಹಾಡಕ್ ನಿಂತ್ರೆ ನಿಲ್ಲಿಸ್ತಿರ್ಲಿಲ್ಲ, ಮಲಗಿದ್ರೆ ಏಳ್ತಿರ್ಲಿಲ್ಲ. ನಮ್ಮಪ್ಪ ಹಿತ್ಲು ಕೋಣೇಲಿ ಇಟ್ಟು ಪ್ರಾರ್ಥನೆ ಮಾಡಿದ್ರು. ವರ್ಷಗಟ್ಲೆ ಮಾಡಿದ್ರು. ಆಸ್ಪತ್ರೆಗೆ ಕರ್ಕೊಂಡ್ ಹೋಗ್ಲಿಲ್ಲ. ಒಂದಿನ ಬೆಳಿಗ್ಗೆ ನಾನೇ ಕಾಫಿ ತಗೊಂಡು ಹೋದೆ..."

ಸೆರಗಿನಿಂದ ಕಣ್ಣೊರೆಸಿಕೊಂಡರು.

"ನೀನೂ ಹಾಗೇ ಅಂತ ಗೊತ್ತಾದಾಗಿಂದ ನಂಗೆ ಭಯ ಕಣೇ. ವಾಸಿ ಆಗಿದೆ ಅಂತ ಎಲ್ಲರ ಮುಂದೆ ಹೇಳಿದ್ದೂ ಆ ಭಯಕ್ಕೇನೇ. ಹೇಳ್ಬಿಟ್ರೆ ಆಗ್ಬಿಡತ್ತೆ ಅನ್ಕೊಂಡೆ."

ಅವರು ಅಳುವುದನ್ನು ಮದುವೆಯಾದಾಗಿನಿಂದ ನೋಡಿರಲಿಲ್ಲ. ನನಗೆ ಅಳು ಬರಲಿಲ್ಲ. ಆದರೆ "ಮಾತ್ರೆ ನಿಲ್ಲಿಸಿದೀನಿ ಅತ್ತೆ" ಎಂದೆ. ಅವರು ಎದ್ದರು. ಮಣಿಕಟ್ಟು ಬಿಡಲಿಲ್ಲ. ಆಟೋದವನು ಹೋಗಿರಲಿಲ್ಲ. ಮನೆಗಲ್ಲ, ನೇರ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಪಕ್ಕದ ಮನೆಯವರಿಗೆ ಫೋನು ಮಾಡಿ, "ನಮ್ಮನೆ ಬಾಗ್ಲು ತೆಗ್ದೇ ಇದೆ, ಗ್ಯಾಸ್ ಆಫ್ ಮಾಡಿ" ಎಂದರು. ಸಾರು ತಳ ಹಿಡಿದು ಮನೆಯೆಲ್ಲ ಹೊಗೆಯಾಗಿತ್ತಂತೆ.

ಹೆಂಗಸರ ವಾರ್ಡಿಗೆ ನನ್ನನ್ನು ಸೇರಿಸಿಕೊಂಡರು. ಜೊತೆಗೆ ಮನೆಯವರೊಬ್ಬರು ಇರಬೇಕು. ಅತ್ತೆ ಉಳಿದರು. ಕೃಪಾಳನ್ನು ಜಯಕರ ನೋಡಿಕೊಂಡರು. ಮೊದಲ ದಿನ ವಾರ್ಡಿಗೆ ಬಂದ ಅವರು ಮಂಚದ ಕಂಬಿ ಹಿಡಿದು ನಿಂತೇ ಇದ್ದರು. "ಎಲ್ಲೆಲ್ಲೋ ಸಿಕ್ಕಿಹಾಕ್ಕೊಂಡೋರ್ನ ಹೊರಗೆ ತೆಗೀತೀನಿ. ಮನೇಲಿರೋಳು ನನಗೆ ಕಾಣ್ಲಿಲ್ವಲ್ಲೇ" ಎಂದರು. ನಾನು ಅವರ ಕೈ ಮುಟ್ಟಬೇಕಿತ್ತು. ಕೈ ಏಳಲಿಲ್ಲ.

ಮಾತ್ರೆ ಹಿಡಿಯಲು ವಾರಗಳು ಬೇಕಾದವು. ಆ ವಾರಗಳಲ್ಲಿ ಬೆಳಗಾಗುವುದೇ ಬೇಡವಾಗಿತ್ತು. ಒಂದು ಬೆಳಿಗ್ಗೆ ಅತ್ತೆ ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ, "ನಂಗೆ ಪ್ರಾರ್ಥನೆ ಬರ್ತಿಲ್ಲ ಅತ್ತೆ. ಒಂದು ಮಾತೂ ಬರ್ತಿಲ್ಲ. ನಂಬಿಕೆನೇ ಹೋಗಿದೆ ಅನ್ಸತ್ತೆ" ಎಂದೆ. ಸುತ್ತಿಗೆಯಲ್ಲಿ ಹೊಡೆದ ಹಾಗಾಗುತ್ತದೆ ಅವರಿಗೆ ಎಂದುಕೊಂಡಿದ್ದೆ.

"ಸರಿ, ನಿನ್ ಪಾಲಿಂದೂ ನಾನೇ ಮಾಡ್ತೀನಿ" ಎಂದರು ಕಣ್ಣು ಮುಚ್ಚಿಕೊಂಡೇ. "ನೀನು ಮಾತ್ರೆ ನುಂಗು."

ನಮ್ಮ ಸಭಾಪಾಲಕರೂ ನೋಡಲು ಬಂದಿದ್ದರು. ಅವರನ್ನು ನಾವು ಅಯ್ಯನವರು ಎನ್ನುತ್ತೇವೆ. ಅವರು ಉಪದೇಶ ಮಾಡಲಿಲ್ಲ. ಕಿತ್ತಳೆ ಸುಲಿದು ಕೊಟ್ಟರು. ಹೊರಡುವಾಗ, "ಮುಂದೆ ನಿಮ್ಗೆ ಉಪವಾಸ ಬೇಡಮ್ಮ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ನಿಮ್ಮ ಪಾಲಿಗೆ ಅದೇ ವಿಧೇಯತೆ" ಎಂದರು. ಸ್ತ್ರೀಯರ ಕೂಟದಲ್ಲಿ ಅತ್ತೆ ತಾವೇ, "ನನ್ ಸೊಸೆಗೆ ಪೂರ್ತಿ ಗುಣ ಆಗಿಲ್ಲ. ಮಾತ್ರೆ ತಗೊಳ್ತಿದಾಳೆ, ಮುಂದಕ್ಕೂ ತಗೊಳ್ತಾಳೆ. ನಾನು ಅವಸರ ಮಾಡಿದೆ" ಎಂದು ಹೇಳಿದರಂತೆ. ಅದಾದ ಮೇಲೆ ಇಬ್ಬರು ಹೆಂಗಸರು ಅವರನ್ನು ಪಕ್ಕಕ್ಕೆ ಕರೆದು ತಮ್ಮ ಮನೆಯಲ್ಲೂ ಹೀಗೇ ಇರುವವರ ಮಾತು ಹೇಳಿಕೊಂಡರಂತೆ.

ಈಗ ಹೇಗಿದ್ದೇನೆ? ಅದಾದ ಮೇಲೂ ಒಮ್ಮೆ ಇಳಿದಿದ್ದೇನೆ. ಮುಂದೆಯೂ ಇಳಿಯುತ್ತೇನೆ ಎಂಬ ಭಯ ಯಾವಾಗಲೂ ಇರುತ್ತದೆ. ಚರ್ಚಿನಲ್ಲಿ ಕರ್ತನ ಭೋಜನಕ್ಕೆ ಮೊಣಕಾಲೂರಿದಾಗ ದ್ರಾಕ್ಷಾರಸದ ಪಾತ್ರೆ ಹಿಡಿದ ನನ್ನ ಕೈ ನಡುಗುತ್ತದೆ, ಅತ್ತೆ ಕೆಳಗಿನಿಂದ ಮೊಣಕೈಗೆ ಕೈಯಾನಿಸುತ್ತಾರೆ. ಆ ಹಿಂದಿನ ಸಂತೋಷ ಮತ್ತೆ ಬಂದಿಲ್ಲ. ಅದರಲ್ಲಿ ದೇವರು ಇದ್ದನೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರವೂ ಸಿಕ್ಕಿಲ್ಲ. ನನ್ನ ಮನಸ್ಸಿನ ಏರಿಳಿತದಿಂದ ಅವನ ದೂರವನ್ನು ಅಳೆಯುವುದನ್ನು ಬಿಡಲು ಪ್ರಯತ್ನಿಸುತ್ತಿದ್ದೇನೆ. ಬೆಳಿಗ್ಗೆ ಕುಳಿತು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ: "ಕರ್ತನೇ, ಇವತ್ತು ನನಗೆ ಏನೂ ಅನ್ನಿಸುತ್ತಿಲ್ಲ. ಆದರೂ ಬಂದಿದ್ದೇನೆ." ಹೆಚ್ಚಿನ ದಿನ ಅಷ್ಟೇ ಪ್ರಾರ್ಥನೆ.

ಎಲ್ಲಕ್ಕಿಂತ ಕಷ್ಟ ಸಂತೋಷದ್ದು. ದುಃಖವಾದರೆ ಸಹಿಸಬಹುದು. ಸಂತೋಷವಾದರೆ ಮತ್ತೆ ಏರುತ್ತಿದ್ದೇನೆಯೇ ಎಂದು ಹೆದರುತ್ತೇನೆ.

ಹೋದ ಡಿಸೆಂಬರಿನ ಒಂದು ಸಂಜೆ. ಕೃಪಾ ಕ್ರಿಸ್‌ಮಸ್ ನಾಟಕದ ಪ್ರಾಕ್ಟೀಸಿನಿಂದ ಬಂದಳು. ಅವಳಿಗೆ ಒಂಟೆಯ ಹಿಂಭಾಗದ ಪಾತ್ರ. ಬಟ್ಟೆಯೊಳಗೆ ಬಗ್ಗಿ, ಮುಂಭಾಗದ ಹುಡುಗಿಯ ಸೊಂಟ ಹಿಡಿದು ನಡೆಯಬೇಕು. "ಅವ್ಳು ಹೇಳ್ದೆ ಕೇಳ್ದೆ ಹೊರಟುಬಿಟ್ಳಮ್ಮ. ಮುಂದಿನ ಒಂಟೆ ಬೆತ್ಲೆಹೇಮಿಗೆ ಹೋಯ್ತು, ನಾನು ಅಲ್ಲೇ ಬಗ್ಗಿಕೊಂಡು ನಿಂತಿದ್ದೆ. ಒಂಟೆ ಜೊತೆ ಬರೋ ಜ್ಞಾನಿ ನನ್ ಮೇಲೆ ಎಡವಿ ಬಿದ್ದ" ಎಂದು ಬಗ್ಗಿ ತೋರಿಸಿದಳು. ನನಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಕೃಪಾ ನಗುತ್ತಿದ್ದವಳು ಮೆಲ್ಲಗೆ ನೆಟ್ಟಗಾದಳು. ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಮ್ಮಾ, ಇದು ಮಾಮೂಲಿ ನಗುನಾ?"

ಆ ವಯಸ್ಸಿನ ಮಗು ಕೇಳಬಾರದ ಪ್ರಶ್ನೆ ಅದು, ಆದರೆ ನಮ್ಮ ಮನೆಯಲ್ಲಿ ಕೇಳಲೇಬೇಕಾದದ್ದು. "ಗೊತ್ತಿಲ್ಲ ಕಣೇ. ಅಜ್ಜೀನ ಕರಿ" ಎಂದೆ.

ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಓಡಿಬಂದರು. "ಏನಾಯ್ತು?" ಎಂದು ಮೊದಲು ನನ್ನ ಕಣ್ಣು ನೋಡಿದರು. ಕೃಪಾ ಇನ್ನೊಂದು ಸಲ ಎಲ್ಲವನ್ನೂ ಹೇಳಿದಳು, ಇನ್ನೊಂದು ಸಲ ಬಗ್ಗಿ ತೋರಿಸಿದಳು. ಅತ್ತೆ ತುಟಿ ಬಿಗಿಹಿಡಿದು ನೋಡಿದರು, ಹಿಡಿಯಲು ಆಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನೆಲದ ಮೇಲೆ ಕುಳಿತೇಬಿಟ್ಟರು.

"ಇದಕ್ಕೆ ಯಾರಾದ್ರೂ ನಗ್ತಾರೆ ಕಣೇ" ಎಂದರು ಉಸಿರು ಸಿಕ್ಕಾಗ.

ಮೂವರೂ ನಕ್ಕೆವು. ಮೊದಲು ನಿಲ್ಲಿಸಿದವಳು ನಾನು. ಅವರಿಬ್ಬರೂ ಇನ್ನೂ ನಗುತ್ತಲೇ ಇದ್ದರು.